ಸೀಟು ಉಂಟು, ದಾರಿ ಹೇಳೋರಿಲ್ಲ!

ಬೂಕನಕೆರೆ: ಪಿ.ಯು.ಸಿ. ಫಲಿತಾಂಶ ಬಂದ ವಾರ ಈ ಹೋಬಳಿಯಲ್ಲಿ ಜನ ಮುತ್ತಿಕೊಳ್ಳುವ ಜಾಗ ಯಾವುದು ಗೊತ್ತೇ? ಪಂಚಾಯ್ತಿ ಆಫೀಸಲ್ಲ. ಗೋಗಲಮ್ಮನ ಗುಡಿಯೂ ಅಲ್ಲ. ಜೆರಾಕ್ಸ್ ಅಂಗಡಿ!

"ಅಣ್ಣಾ, ನಮ್ ಹೈದನ್ಗೆ ಎಷ್ಟ್ ಬಂದದೆ ಒಸಿ ನೋಡು. ಇದಕ್ಕೆ ಯಾವ ಕಾಲೇಜು ಸಿಕ್ಕದು?"

"ಕಂಪ್ಯೂಟರ್‌ಗೆ ಹಾಕ್ಲಾ? ಎಲ್ರೂ ಅದಕ್ಕೇ ಹಾಕುಸ್ತಾವ್ರೆ."

"ಹಾಕು ಮತ್ತೆ."

ಮುಗೀತು! ಮೂರೇ ಮಾತಿನಲ್ಲಿ ಒಬ್ಬ ಹುಡುಗನ ಮುಂದಿನ ನಲವತ್ತು ವರ್ಷ ತೀರ್ಮಾನವಾಗಿ ಹೋಯಿತು. ಒಂದು ಹಸು ಕೊಳ್ಳಬೇಕಾದರೆ ನಾಲ್ಕು ಸಂತೆ ಸುತ್ತಿ, ಹಲ್ಲು ನೋಡಿ, ಹಾಲು ಕರೆಸಿ ನೋಡುವ ನಮ್ಮ ರೈತ, ಮಗನ ಓದಿನ ವಿಷಯದಲ್ಲಿ ಮಾತ್ರ ಅಂಗಡಿ ಕಟ್ಟೆಯ ಮೇಲೆ ನಿಂತೇ ವ್ಯಾಪಾರ ಮುಗಿಸುತ್ತಾನೆ. ತಪ್ಪು ಅವನದಲ್ಲ. ಹಸುವಿನ ವಿಷಯ ಕೇಳಲು ಊರಲ್ಲಿ ಹತ್ತು ಜನ ಇದ್ದಾರೆ. ಕಾಲೇಜಿನ ವಿಷಯ ಯಾರನ್ನು ಕೇಳಬೇಕು?

ಜೆರಾಕ್ಸ್ ಅಂಗಡಿಯವರನ್ನೂ ಯಾರೂ ಬಯ್ಯಬೇಡಿ. ಸರಕಾರ ಮಾಡಬೇಕಾದ ಕೆಲಸವನ್ನು ಅವರು ಹತ್ತಿಪ್ಪತ್ತು ರೂಪಾಯಿಗೆ ಮಾಡಿಕೊಡುತ್ತಿದ್ದಾರೆ. ನಿಜ ಹೇಳಬೇಕೆಂದರೆ ನಮ್ಮ ಹೋಬಳಿಯ ಕುಲಪತಿ, ಕುಲಸಚಿವ, ವಿದ್ಯಾರ್ಥಿ ಸಲಹೆಗಾರ ಎಲ್ಲ ಅವರೇ! ಆದರೆ ಅವರ ಕೆಲಸ ಅರ್ಜಿ ತುಂಬುವುದು. ಯಾವ ಅರ್ಜಿ ತುಂಬಬೇಕು ಎಂದು ಹೇಳುವುದು ಬೇರೆಯೇ ಕೆಲಸ. ದೊಡ್ಡ ಊರುಗಳಲ್ಲಿ ಅದೊಂದು ಪೂರ್ಣಾವಧಿ ಉದ್ಯೋಗ. ಯೂನಿವರ್ಸಿಟಿಗಳಲ್ಲಿ ಅದಕ್ಕೆಂದೇ ವಿದ್ಯಾರ್ಥಿ ಕ್ಷೇಮಪಾಲನೆಯ ವಿಭಾಗವಿರುತ್ತದೆ, ಅಧಿಕಾರಿ ಇರುತ್ತಾರೆ, ಸಂಬಳ ಇರುತ್ತದೆ. ಹೊರದೇಶಗಳಲ್ಲಂತೂ ಸಲಹೆಗಾರರಾಗಿ ಸೇರಿದವರು ಅದೇ ದಾರಿಯಲ್ಲಿ ಮೇಲೇರಿ ಕಾಲೇಜಿನ ಮುಖ್ಯಸ್ಥರಾಗುವುದೂ ಉಂಟು. ನಮ್ಮಲ್ಲಿ ಅಂಥ ಕೆಲಸ ಒಂದಿದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ತಪ್ಪಿದರೆ ವರ್ಷ ಹೋಯ್ತು

ದಾರಿ ಹೇಳೋರು ಇಲ್ಲದಿದ್ದರೆ ಏನು ಗಂಟು ಹೋಗುತ್ತದೆ ಎಂದು ಕೇಳಬಹುದು. ಲೆಕ್ಕ ನೋಡೋಣ.

ಸಿ.ಇ.ಟಿ. ಸೀಟುಗಳಲ್ಲಿ ನೂರಕ್ಕೆ 15 ಗ್ರಾಮೀಣ ಮಕ್ಕಳಿಗೆ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತು ವರ್ಷವೂ ಹಳ್ಳಿ ಶಾಲೆಯಲ್ಲಿ ಓದಿರಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಬೇಕು. ಕನ್ನಡ ಮಾಧ್ಯಮದಲ್ಲೇ ಹತ್ತು ವರ್ಷ ಓದಿದವರಿಗೆ ನೂರಕ್ಕೆ 5. ನಮ್ಮ ಹೋಬಳಿಯ ಹಳ್ಳಿ ಶಾಲೆಯಲ್ಲಿ ಓದಿದ ಹುಡುಗಿಗೆ ಎರಡೂ ಹಕ್ಕು ಇರಬಹುದು. ಆದರೆ ಅರ್ಜಿಯಲ್ಲಿ ಆ ಕಾಲಂ ತುಂಬದೆ ಬಿಟ್ಟರೆ? ಕಂಪ್ಯೂಟರಿಗೆ ಆಕೆ ಹಳ್ಳಿಯವಳೆಂದು ಹೇಗೆ ಗೊತ್ತಾಗಬೇಕು? ಬೆಂಗಳೂರಿನ ಕಾನ್ವೆಂಟ್ ಮಕ್ಕಳ ಸಾಲಿನಲ್ಲೇ ಆಕೆಯೂ ನಿಲ್ಲುತ್ತಾಳೆ.

ಇನ್ನು ಬಿ.ಎಸ್ಸಿ. ಅಗ್ರಿ. ಮಂಡ್ಯದ ಪಕ್ಕದ ವಿ.ಸಿ. ಫಾರಂನಲ್ಲೇ ಕೃಷಿ ಕಾಲೇಜು ಇದೆ. ರೈತರ ಮಕ್ಕಳಿಗೆ ಬೇರೆಯೇ ಕೋಟಾ ಉಂಟು. ಅದಕ್ಕೆ ಬೇಸಾಯದ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹುಟ್ಟಿದಾಗಿನಿಂದ ಗದ್ದೆಯಲ್ಲೇ ಬೆಳೆದ ಹುಡುಗನಿಗೆ ಬತ್ತ ಯಾವುದು, ರಾಗಿ ಯಾವುದು, ಯಾವ ಕಾಳು ಯಾವುದು ಎಂದು ಗುರುತಿಸುವುದು ಕಷ್ಟವೇ? ನೀರು ಕುಡಿದಷ್ಟು ಸಲೀಸು. ಆದರೆ ಆ ಪರೀಕ್ಷೆಗೆ ಹೋಗಬೇಕೆಂಬುದೇ ಗೊತ್ತಿಲ್ಲದಿದ್ದರೆ ಏನು ಮಾಡೋದು? ಪರೀಕ್ಷೆ ಮುಗಿದ ಮಾರನೇ ದಿನ ಬಸ್ಸಿನಲ್ಲಿ ಯಾರೋ ಹೇಳುತ್ತಾರೆ. "ಅಯ್ಯೋ, ಮೊದ್ಲೇ ಗೊತ್ತಿದ್ರೆ..." ಈ ಒಂದು ಮಾತು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮನೆಗಳ ಜಗಲಿಯ ಮೇಲೆ ಕೇಳಿಬಂದಿದೆಯೋ, ಆ ಗೋಗಲಮ್ಮನೇ ಬಲ್ಲಳು.

ವಿದ್ಯಾರ್ಥಿವೇತನದ್ದು ಇನ್ನೊಂದು ಕತೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಒಂದಕ್ಷರ ಬೇರೆ. ಅರ್ಜಿ ಅಲ್ಲಿಗೇ ನಿಂತಿತು. ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರು ತಪ್ಪಾಗಿ ಕುಟ್ಟಿದರೆ ಮತ್ತೆ ನಿಂತಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ, ಮಂಜೂರಾದ ಹಣವೂ ಬಾಗಿಲ ತನಕ ಬಂದು ವಾಪಸು ಹೋಯಿತು. ಹುಡುಗ ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟ ಎನ್ನುತ್ತೇವೆ. ಅವನು ಬಿಟ್ಟದ್ದು ಫೀಸಿಗಲ್ಲ ಸ್ವಾಮಿ, ಒಂದಕ್ಷರಕ್ಕೆ!

ಅಕ್ಕಿಹೆಬ್ಬಾಳು, ಕಿಕ್ಕೇರಿ

ನಮ್ಮದು ಓದು ಬಾರದ ಸೀಮೆಯೇನಲ್ಲ. ಇದೇ ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್.ಮೂರ್ತಿರಾಯರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದರು. ನೂರು ದಾಟಿ ಬಾಳಿ 2003ರಲ್ಲಿ ತೀರಿಕೊಂಡರು. ಅದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್.ನರಸಿಂಹಸ್ವಾಮಿಗಳು ಕಾಲೇಜು ಮೆಟ್ಟಿಲು ಹತ್ತಿದರೂ ಪದವಿ ಮುಗಿಸಲಾಗಲಿಲ್ಲ. ಸರಕಾರಿ ಗುಮಾಸ್ತರಾಗಿ ಫೈಲುಗಳ ನಡುವೆ ಬದುಕು ಸವೆಸಿದರು. 'ಮೈಸೂರು ಮಲ್ಲಿಗೆ' 1942ರಲ್ಲಿ ಬಂತು, ನಾಡಿಗೆ ನಾಡೇ ಹಾಡಿತು. ಅದು ಅವರ ಪ್ರತಿಭೆ.

ಆದರೆ ಪದವಿ ಇಲ್ಲದೆಯೂ ಕೆ.ಎಸ್.ನ. ಆಗುವವರು ನೂರು ವರ್ಷಕ್ಕೊಬ್ಬರು. ಮಿಕ್ಕ ತೊಂಬತ್ತೊಂಬತ್ತು ಹುಡುಗರು ಅರ್ಧಕ್ಕೆ ಓದು ಬಿಟ್ಟರೆ ಬೆಂಗಳೂರಿನ ಬಸ್ಸು ಹತ್ತಿ ಯಾವುದೋ ಗಾರ್ಮೆಂಟ್ಸ್ ಗೇಟಿನಲ್ಲೋ, ಹೋಟೆಲಿನ ಅಡುಗೆಮನೆಯಲ್ಲೋ ನಿಲ್ಲುತ್ತಾರೆ. ಆ ಕೆಲಸ ಕೀಳೆಂದಲ್ಲ. ಬೇರೆ ದಾರಿ ಇದೆಯೆಂದು ಗೊತ್ತಿದ್ದೂ ಅದನ್ನೇ ಆರಿಸಿಕೊಂಡಿದ್ದರೆ ಮಾತು ಬೇರೆ. ಗೊತ್ತೇ ಇರಲಿಲ್ಲವಲ್ಲ, ಅದು ಅನ್ಯಾಯ.

ಕೈ ಹಿಡಿದವರ ಸಾಲು

ಈ ನಾಡಿನಲ್ಲಿ ದೊಡ್ಡವರಾದವರ ಹಿಂದೆ ಒಬ್ಬೊಬ್ಬ ದಾರಿ ಹೇಳಿದವರಿದ್ದಾರೆ. ಕುವೆಂಪು ಮೈಸೂರಿಗೆ ಓದಲು ಬಂದ ಹೊಸದರಲ್ಲಿ ಬರೆಯುತ್ತಿದ್ದುದು ಇಂಗ್ಲಿಷ್ ಪದ್ಯ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗ ತನ್ನ ಪದ್ಯಗಳನ್ನು ತೋರಿಸಿದ. ನಿನ್ನ ಭಾಷೆಯಲ್ಲಿ ಬರೆಯಪ್ಪಾ ಎಂದರು ಅವರು. ಒಂದು ಭೇಟಿ, ಒಂದು ಮಾತು. ಆ ಪುಣ್ಯಾತ್ಮನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಎದುರು ನಿಂತ ಹುಡುಗನಿಗೆ ಯಾವುದು ಒಪ್ಪುತ್ತದೆ ಎಂದು ಕಾಣುತ್ತಿತ್ತು. ಸಲಹೆ ಎಂದರೆ ಅದು!

ಆಮೇಲೆ ಯೂನಿವರ್ಸಿಟಿಯಲ್ಲಿ ಕನ್ನಡ ಎಂ.ಎ. ಶುರುವಾದಾಗ ಕುವೆಂಪು ಮೊದಲ ತಂಡದ ವಿದ್ಯಾರ್ಥಿ. ಟಿ.ಎಸ್.ವೆಂಕಣ್ಣಯ್ಯನವರು ಗುರು. ಶಿಷ್ಯ ಮುಂದೆ 'ಶ್ರೀ ರಾಮಾಯಣ ದರ್ಶನಂ' ಬರೆದು ಅದನ್ನು ಅರ್ಪಿಸಿದ್ದು ಆ ಗುರುವಿಗೇ. 1956ರಲ್ಲಿ ಕುವೆಂಪು ಅದೇ ಯೂನಿವರ್ಸಿಟಿಯ ಕುಲಪತಿಯಾದರು. ಮಲೆನಾಡಿನ ಒಕ್ಕಲು ಮನೆಯ ಹುಡುಗ ಕೂತ ಕುರ್ಚಿ ಅದು. ನಿವೃತ್ತಿಯ ವರ್ಷ 1960ರಲ್ಲಿ ಮಾನಸಗಂಗೋತ್ರಿ ಕಟ್ಟಿ, ಹೆಸರಿಟ್ಟು ಹೊರಬಂದರು. ಕಾಲೇಜು ಪಾಠ ಕನ್ನಡದಲ್ಲೂ ಆಗಬೇಕೆಂದು ಹಟ ಹಿಡಿದವರು ಅವರು. ಇಂಗ್ಲಿಷಿನ ಭಯಕ್ಕೆ ಹಿಂದೆ ಸರಿಯುತ್ತಿದ್ದ ಹಳ್ಳಿ ಮಕ್ಕಳ ಕಣ್ಣು ಒರೆಸಿದ ಕೆಲಸ ಅದು.

ಅವರ ಶಿಷ್ಯ ದೇ.ಜವರೇಗೌಡರು ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯವರು. 1969ರಿಂದ 1975ರವರೆಗೆ ಕುಲಪತಿ. ಅವರ ಕಾಲದಲ್ಲಿ ಮೈಸೂರು ಯೂನಿವರ್ಸಿಟಿಯ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ಶುರುವಾಯಿತು. ಈ ಅಂಕಣ ಓದುತ್ತಿರುವ ಅಂಗಡಿಯವರು, ಕಂಡಕ್ಟರುಗಳು ಸ್ವಲ್ಪ ಗಮನಿಸಿ. ಹಗಲು ಹೊತ್ತು ತಕ್ಕಡಿ ಹಿಡಿದು, ಟಿಕೆಟ್ ಹರಿದು, ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿ ದುಡಿದು, ರಾತ್ರಿ ಓದಿ ಪದವಿ ಪಡೆಯುವ ದಾರಿ ತೆರೆದದ್ದು ಆ ಸಂಸ್ಥೆ. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕಾಲೇಜಿಗೆ ಬರಲಾಗದವನ ಮನೆಗೆ ಅಂಚೆಯಣ್ಣನ ಕೈಲಿ ಕಾಲೇಜನ್ನೇ ಕಳಿಸಿದರು!

ಕಸಿನ್ಸ್, ವೆಂಕಣ್ಣಯ್ಯ, ಕುವೆಂಪು, ದೇಜಗೌ. ಒಬ್ಬರ ಕೈ ಒಬ್ಬರು ಹಿಡಿದ ಸಾಲು ಇದು. ದಾರಿ ಕೇಳಿ ಮೇಲೆ ಬಂದವರು ಕುರ್ಚಿ ಸಿಕ್ಕಾಗ ದಾರಿ ಅಗಲ ಮಾಡಿದರು. ವಿದ್ಯಾಸಂಸ್ಥೆಯ ನಾಯಕತ್ವ ಎಂದರೆ ಇಷ್ಟೇ.

ಮೊದಲು ಅನ್ನ, ಆಮೇಲೆ ಬುದ್ಧಿಮಾತು

ಹೊಟ್ಟೆ ಹಸಿದವನಿಗೆ ಬುದ್ಧಿಮಾತು ನಾಟುವುದಿಲ್ಲ. ಹಿಂದಿನ ಕಾಲದಲ್ಲಿ ಮೈಸೂರಿಗೆ ಓದಲು ಹೋದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು, ದಿನಕ್ಕೊಂದು ಮನೆ. ಒಕ್ಕಲಿಗರ ಹುಡುಗನಿಗೆ, ಕುರುಬರ ಹುಡುಗನಿಗೆ, ಹೊಲಗೇರಿಯ ಹುಡುಗನಿಗೆ ಎಲ್ಲಿತ್ತು ಅನ್ನ? ಮೈಸೂರು ಸರಕಾರ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಹಿಂದುಳಿದವರಿಗೆ ಓದು ಮತ್ತು ನೌಕರಿಯಲ್ಲಿ ಪಾಲು ಹೇಗೆ ಕೊಡಬೇಕೆಂದು ಕೇಳಿತು. ಅದೇ ಹೊತ್ತಿನಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ.ಆರ್.ರೆಡ್ಡಿಯವರು, ಸರಕಾರಿ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂದು ನಿಂತರು. ಅವರೂ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರೇ.

ಬಾಗಿಲು ತೆರೆದ ಮೇಲೆ ಊಟದ ಎಲೆ ಹಾಕಿದವರು ಬೇರೆ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ನಮ್ಮ ಜಿಲ್ಲೆಯ 'ನಿತ್ಯ ಸಚಿವ' ಕೆ.ವಿ.ಶಂಕರಗೌಡರು ಮಂಡ್ಯಕ್ಕೆ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ತಂದದ್ದು 1962ರಲ್ಲಿ. ಕಬ್ಬಿನ ಗದ್ದೆಯ ಮಕ್ಕಳು ಎಂಜಿನಿಯರಾಗಬೇಕಾದರೆ ಮೈಸೂರು, ಬೆಂಗಳೂರು ನೋಡಬೇಕಿದ್ದ ಕಾಲ ಅದು. ಆಮೇಲೆ ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗ ಬಂತು. 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರ ಹಾಸ್ಟೆಲುಗಳು ಬೆಳೆದವು.

ಇವತ್ತು ನೋಡಿ, ದೂರ ಎಷ್ಟು ಕಡಿಮೆಯಾಗಿದೆ! ಕೆ.ಆರ್.ಪೇಟೆಯಲ್ಲೇ ಸರಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಳಿ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಇದೆ. ಮಂಡ್ಯದ ಸರಕಾರಿ ಕಾಲೇಜನ್ನೇ 2019ರಲ್ಲಿ ಯೂನಿವರ್ಸಿಟಿ ಮಾಡಿದರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ. ನಾಲ್ಕು ಸಲ ಮುಖ್ಯಮಂತ್ರಿಯಾದ ಯಡಿಯೂರಪ್ಪನವರು 1943ರಲ್ಲಿ ಹುಟ್ಟಿದ ಊರು ಇದು; ರಾಜಕೀಯದ ದಾರಿ ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಕಾಲೇಜಿನ ದಾರಿಯೇ ಗೊತ್ತಿಲ್ಲ.

ಬೋರ್ಡಿದೆ, ಕುರ್ಚಿ ಖಾಲಿ

"ಕಾಲೇಜುಗಳಲ್ಲಿ ಸಮಿತಿಗಳಿವೆಯಲ್ಲ?" ಎಂದು ಮೇಲಿನವರು ಕೇಳಿಯಾರು. ಇವೆ, ಬೇಕಾದಷ್ಟಿವೆ. ಕುಂದುಕೊರತೆ ಸಮಿತಿ, ಪರಿಶಿಷ್ಟರ ಘಟಕ, ಮಹಿಳಾ ಘಟಕ, ರ‍್ಯಾಗಿಂಗ್ ತಡೆ ಸಮಿತಿ, ಉದ್ಯೋಗ ಮಾರ್ಗದರ್ಶನ ಘಟಕ. ಗೋಡೆ ತುಂಬ ಬೋರ್ಡು. ಆದರೆ ಐದು ಬೋರ್ಡಿಗೂ ಎಷ್ಟೋ ಕಡೆ ಒಬ್ಬರೇ ಮೇಷ್ಟ್ರು. ಅವರಿಗೇ ಪಾಠ, ಅವರಿಗೇ ಪರೀಕ್ಷೆ, ಅವರಿಗೇ ಚುನಾವಣೆ ಡ್ಯೂಟಿ. ರಾಜ್ಯದ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಹುಡುಗನಿಗೆ ಮುಂದಿನ ದಾರಿ ಏನು ಹೇಳಿಯಾರು, ಪಾಪ!

ಈ ಕೆಲಸ ಮಾಡುವವನಿಗೆ ಏನು ಬರಬೇಕು? ಸಮಾಜಕಾರ್ಯವೋ, ಮನಃಶಾಸ್ತ್ರವೋ ಓದಿದ್ದರೆ ಒಳ್ಳೆಯದು. ಕಾನೂನು, ಕೋಟಾ, ಕೊನೆ ದಿನಾಂಕ ಬಾಯಲ್ಲೇ ಇರಬೇಕು. ಎಲ್ಲಕ್ಕಿಂತ ಮೊದಲು ಕಿವಿ ಇರಬೇಕು. ಮೊದಲ ವಾರ ತರಗತಿಗೆ ಬಂದ ಹುಡುಗಿ ಎರಡನೇ ವಾರ ಯಾಕೆ ಬರಲಿಲ್ಲ ಎಂದು ಕೇಳುವವನಿರಬೇಕು. ಜ್ವರವೋ, ಹಾಸ್ಟೆಲ್ ಸಿಗಲಿಲ್ಲವೋ, ಇಂಗ್ಲಿಷ್ ಪಾಠಕ್ಕೆ ಹೆದರಿದಳೋ, ಮನೆಯಲ್ಲಿ ಗಂಡು ನೋಡಿದರೋ? ಒಂದೊಂದಕ್ಕೂ ಒಂದೊಂದು ಮದ್ದು. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದರೆ ಯಾವ ಕಾಯಿಲೆಯೂ ವಾಸಿಯಾಗದು.

ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಎಂದು ಈಚೆಗೆ ಭಾಷಣಗಳಲ್ಲಿ ಕೇಳುತ್ತೇವೆ. ದೊಡ್ಡ ಮಾತೇನಲ್ಲ. ಮದುವೆ ಮನೆ ಪಂಕ್ತಿಯಲ್ಲಿ ಕಡೇ ಎಲೆಗೂ ಪಾಯಸ ಬಂತೇ ಎಂದು ನೋಡುವ ಯಜಮಾನ ಇರುತ್ತಾನಲ್ಲ, ಆ ಬುದ್ಧಿ. ಕಡೇ ಎಲೆಯಲ್ಲಿ ಕೂತವರು ಹೆಚ್ಚಾಗಿ ಅಂಗವಿಕಲ ಮಕ್ಕಳು. 2016ರ ಕಾಯಿದೆ ಪ್ರಕಾರ ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿದ್ದವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 5 ಸೀಟು. ಬರೆಯಲು ಕಷ್ಟವಿದ್ದವರಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕ, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಸಮಯ. ಮೈಸೂರಿನಲ್ಲಿ ಅಂಗವಿಕಲರಿಗೆಂದೇ ಜೆ.ಎಸ್.ಎಸ್. ಪಾಲಿಟೆಕ್ನಿಕ್ ತೆರೆದು ದಶಕಗಳೇ ಆದವು. ಇದೆಲ್ಲ ಇದ್ದೂ ಕಾಲು ಸ್ವಾಧೀನವಿಲ್ಲದ ಹುಡುಗನ ತಾಯಿ, "ಅವುನ್ ಓದಿ ಏನ್ ಮಾಡಾನು ಬುಡಿ ಸಾ" ಎಂದು ಅವನನ್ನು ಜಗಲಿ ಮೇಲೆ ಕೂರಿಸಿದರೆ ಯಾರನ್ನು ದೂರುವುದು? ಆ ತಾಯಿಗೆ ಹೇಳಿದವರು ಯಾರು?

ಆಗಬೇಕಾದ್ದೇನು?

ಯೂನಿವರ್ಸಿಟಿಯನ್ನು ಬೂಕನಕೆರೆಗೆ ತನ್ನಿ ಎಂದು ನಾವು ಕೇಳುತ್ತಿಲ್ಲ. ಒಂದು ಮೇಜು, ಎರಡು ಕುರ್ಚಿ ಕೇಳುತ್ತಿದ್ದೇವೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂದು ಹೆಸರಿಟ್ಟಿದ್ದಾರೆ. ಏಪ್ರಿಲ್‌ನಿಂದ ಜುಲೈವರೆಗೆ ವಾರಕ್ಕೊಂದು ದಿನ ಒಬ್ಬ ತಿಳಿದ ಉಪನ್ಯಾಸಕರು ಅಲ್ಲಿ ಬಂದು ಕೂರಲಿ. ಸಂತೆ ದಿನವಾದರೆ ಇನ್ನೂ ಒಳ್ಳೆಯದು. ಅಪ್ಪ ಅಮ್ಮ ಇಬ್ಬರೂ ಸಿಗುತ್ತಾರೆ. 1930ರ ದಶಕದಲ್ಲಿ ಮೈಸೂರು ಯೂನಿವರ್ಸಿಟಿಯ ಪ್ರೊಫೆಸರುಗಳು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟು, ಅವನ್ನು ಪುಟ್ಟ ಪುಸ್ತಕ ಮಾಡಿ ಹಂಚಿದರು. ಮೋಟಾರು ಬಸ್ಸೇ ಅಪರೂಪವಾಗಿದ್ದ ಕಾಲದಲ್ಲಿ ಆದದ್ದು ಈಗ ಯಾಕಾಗಬಾರದು?

ಕಾಲೇಜುಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಹುದ್ದೆ ಆಗಲಿ. ಮೇಷ್ಟ್ರ ಹೆಗಲಿಗೆ ಆರನೇ ಬೋರ್ಡು ನೇತುಹಾಕಬೇಡಿ. ಈ ಸೀಮೆಯಲ್ಲೇ ಓದಿ, ಇದೇ ಬಸ್ಸಿನಲ್ಲಿ ನಿಂತು ಓಡಾಡಿ, ಇದೇ ಆರ್.ಡಿ. ನಂಬರಿನ ಪಾಡು ಪಟ್ಟ ಹುಡುಗ ಹುಡುಗಿಯರು ಆ ಹುದ್ದೆಗೆ ಬರಲಿ. ಎಡವಿದ ಕಲ್ಲು ಎಲ್ಲಿದೆ ಎಂದು ಎಡವಿದವನಿಗೇ ಗೊತ್ತು.

ಅಂಗಡಿಯವರಿಗೆ ಒಂದು ಮಾತು. ನಿಮ್ಮ ಅಂಗಡಿ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಗ್ರಾಮೀಣ ವ್ಯಾಸಂಗ ಪತ್ರ, ಕನ್ನಡ ಮಾಧ್ಯಮ ಪತ್ರ, ಜಾತಿ ಆದಾಯ ಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಅಂಕಪಟ್ಟಿಗೂ ಆಧಾರಿಗೂ ಒಂದೇ ಹೆಸರು. ಐದು ಸಾಲು ಸಾಕು. ಫಲಿತಾಂಶಕ್ಕೆ ಮೊದಲೇ ಮಾಡಿಸಿಕೊಳ್ಳಿ ಎಂದು ಕೆಳಗೆ ದಪ್ಪಗೆ ಬರೆಯಿರಿ. ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಅಂಕಪಟ್ಟಿ ಹಿಡಿದು ಕೂತಿದ್ದರೆ, "ಏನವ್ವಾ, ಗ್ರಾಮೀಣ ಕಾಲಂ ತುಂಬಿದ್ಯಾ?" ಎಂದು ಒಂದು ಮಾತು ಕೇಳಿ. ನಿಮ್ಮ ಗಂಟೇನೂ ಹೋಗದು, ಅವಳ ಸೀಟು ಉಳಿದೀತು.

ಇನ್ನು ಉಳಿದದ್ದು ಮೇಲಿನವರ ಕೆಲಸ. ಸೀಟು ಕೊಟ್ಟಿರಿ, ಹಾಸ್ಟೆಲ್ ಕೊಟ್ಟಿರಿ, ಬಸ್ಸೂ ಕೊಟ್ಟಿರಿ. ಕೇಳಿದರೆ ಉತ್ತರ ಹೇಳುವ ಒಬ್ಬ ಮನುಷ್ಯನನ್ನೂ ಕೊಡಿ. ಜಿಲ್ಲಾಧಿಕಾರಿಗಳು, ಕಾಲೇಜು ಶಿಕ್ಷಣ ಇಲಾಖೆಯವರು, ನಮ್ಮ ಶಾಸಕರು ಮುಂದಿನ ಏಪ್ರಿಲ್‌ಗೆ ಮೊದಲೇ ಇತ್ತ ಗಮನ ಹರಿಸುವರೇ?